ನಾಲ್ಕು ಸಣ್ಣ ಚೌಕ: ಹಿಗ್ಗಿದ ಹೃದಯದ ಇಸಿಜಿಯಿಂದ ಮೂರು ತಂತಿಯ ಪೇಸ್‌ಮೇಕರ್‌ವರೆಗೆ

ಇಸಿಜಿ ಕಾಗದದ ಒಂದು ಸಣ್ಣ ಚೌಕ ಒಂದು ಮಿಲಿಮೀಟರು. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಹಾಗಾಗಿ ಆ ಚೌಕದ ಬೆಲೆ 40 ಮಿಲಿಸೆಕೆಂಡು. ಆರೋಗ್ಯವಂತ ಹೃದಯದ ಕೆಳಗಿನ ಎರಡು ಕೋಣೆಗಳಿಗೂ ವಿದ್ಯುತ್ತು ಹರಡಿ ಮುಗಿಯಲು ಎರಡು, ಹೆಚ್ಚೆಂದರೆ ಎರಡೂವರೆ ಚೌಕ ಸಾಕು. ಡೈಲೇಟೆಡ್ ಕಾರ್ಡಿಯೋಮಯೋಪತಿಯ (ಡಿಸಿಎಂ) ರೋಗಿಯ ಕಾಗದದಲ್ಲಿ ಅದೇ ಕ್ಯುಆರ್‌ಎಸ್ ಗೆರೆ ಎಷ್ಟೋ ಸಲ ನಾಲ್ಕು ಚೌಕ ಹಿಡಿದಿರುತ್ತದೆ, ಅಂದರೆ 160 ಮಿಲಿಸೆಕೆಂಡು. ಈ ಅಗಲ ನಿಜವೇ, ಯಾವ ಬಗೆಯದು, ಅದನ್ನು ಕಿರಿದು ಮಾಡಲು ಬರುತ್ತದೆಯೇ ಎಂದು ನೋಡುವುದೇ ಇಸಿಜಿ ಟೇಬಲ್ಲಿನಿಂದ, ಹೃದಯಕ್ಕೆ ತಂತಿ ಹಾಯಿಸುವ ಕ್ಯಾಥ್ ಲ್ಯಾಬಿನವರೆಗೆ ನಮ್ಮ ಕೆಲಸ. ಆ ಕೆಲಸ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಡಿಸಿಎಂ ಎಂದರೆ ಎಡ ಹೃತ್ಕುಕ್ಷಿ (ಎಡಬದಿಯ ಕೆಳಕೋಣೆ) ಹಿಗ್ಗಿ, ಅದರ ಒತ್ತುವ ಬಲ ಕುಗ್ಗಿರುವ ಸ್ಥಿತಿ. ರಕ್ತನಾಳದ ಅಡಚಣೆ, ಬಹುಕಾಲದ ಬಿಪಿ, ಕವಾಟದ ದೋಷ ಇವು ಯಾವುವೂ ಆ ಹಿಗ್ಗುವಿಕೆಗೆ ಸಾಕಷ್ಟು ಕಾರಣ ಅನ್ನಿಸಬಾರದು, ಆಗ ಮಾತ್ರ ಈ ಹೆಸರು. ವೈರಸ್ ಸೋಂಕು, ಮದ್ಯ, ಹೆರಿಗೆಯ ಆಸುಪಾಸಿನ ದಿನಗಳು, ಕೆಲವು ಕ್ಯಾನ್ಸರ್ ಔಷಧಿಗಳು, ವಂಶದಲ್ಲಿ ಬಂದ ಜೀನು, ಹೀಗೆ ದಾರಿ ಹಲವು. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ, ನಾವು ನೋಡುವ ಅಂಕಿ ಇಎಫ್, ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದಬ್ಬುವ ರಕ್ತದ ಪಾಲು. ಸಾಮಾನ್ಯವಾಗಿ ಅದು ನೂರಕ್ಕೆ 55ರಿಂದ 65. ನಮ್ಮ ಟೇಬಲ್ಲಿಗೆ ಬರುವವರಲ್ಲಿ 35ಕ್ಕಿಂತ ಕೆಳಗೆ, ಎಷ್ಟೋ ಜನರಲ್ಲಿ 25ರ ಆಸುಪಾಸು. ಸ್ನಾಯು ಸೋತಿದೆ ಎಂಬುದು ಎಕೋದಲ್ಲಿ ಕಾಣುತ್ತದೆ. ಆದರೆ ಸೋತ ಸ್ನಾಯುವಿಗೆ ಆಜ್ಞೆ ಸರಿಯಾದ ಹೊತ್ತಿಗೆ ತಲುಪುತ್ತಿದೆಯೇ ಎಂದು ಹೇಳುವುದು ಇಸಿಜಿ.

ಕೆಡುವುದು ಅಲ್ಲೇ, ಇಸಿಜಿ ತೆಗೆಯುವಾಗಲೇ. ಎದೆಗೆ ಅಂಟಿಸುವ ಆರು ಲೀಡುಗಳಲ್ಲಿ (ವಿ1ರಿಂದ ವಿ6) ವಿ1 ಮತ್ತು ವಿ2 ಎದೆಮೂಳೆಯ ಎರಡು ಬದಿಗೆ, ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ ಕೂರಬೇಕು. ಅವಸರದಲ್ಲಿ ಅವು ಎರಡನೆಯ ಅಥವಾ ಮೂರನೆಯ ಸಂದಿಗೆ ಏರಿಬಿಡುತ್ತವೆ, ಆಗ ಇಲ್ಲದ ಹಳೆಯ ಹಾರ್ಟ್ ಅಟ್ಯಾಕಿನ ಚಿತ್ರ ಕಾಗದದ ಮೇಲೆ ಮೂಡುತ್ತದೆ. ಸಂದು ಎಣಿಸುವುದಕ್ಕೆ ಸುಲಭದ ದಾರಿ ಇದೆ: ಎದೆಮೂಳೆಯ ಮೇಲ್ಭಾಗದಿಂದ ಬೆರಳು ಕೆಳಗೆ ಜಾರಿಸಿದರೆ ಒಂದು ಏಣು ಸಿಗುತ್ತದೆ. ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು, ಅದರ ಕೆಳಗಿನ ಸಂದು ಎರಡನೆಯದು, ಇನ್ನೆರಡು ಇಳಿದರೆ ನಾಲ್ಕನೆಯದು. ವಿ4 ಐದನೆಯ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ. ವಿ5, ವಿ6 ಅದೇ ಮಟ್ಟದಲ್ಲಿ ಅಡ್ಡಲಾಗಿ ಕಂಕುಳ ಕಡೆಗೆ, ಪಕ್ಕೆಲುಬಿನ ಜೊತೆ ಬಾಗಿ ಮೇಲೇರುವಂತಿಲ್ಲ. ಕೈಯ ವೈರು ಅದಲುಬದಲಾದರೆ ಕೈಕಾಲಿನ ವೈರುಗಳಿಂದ ಬರುವ ಗೆರೆಗಳಲ್ಲಿ ಒಂದನೆಯ ಲೀಡ್ ತಲೆಕೆಳಗಾಗಿ ಎವಿಆರ್ ಮೇಲ್ಮುಖವಾಗುತ್ತದೆ. ಈ ಎರಡನ್ನು ನೋಡದೆ ಯಾವ ಕಾಗದಕ್ಕೂ ಸಹಿ ಹಾಕಬಾರದು.

ಹೃದಯ ಸೋತವರು ಅಂಗಾತ ಮಲಗಲಾರರು. "ಅಮ್ಮಾ, ಆಗದಿದ್ದರೆ ಒರಗಿಕೊಂಡೇ ಇರಿ, ಉಸಿರು ಬಿಗಿ ಹಿಡಿಯಬೇಡಿ" ಎಂದು ತಲೆಕಡೆ ಏರಿಸಿ ತೆಗೆಯುತ್ತೇವೆ. ಆದರೆ ಒರಗಿ ತೆಗೆದದ್ದು ಎಂದು ಕಾಗದದ ಮೇಲೆ ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಮಲಗಿಸಿ ತೆಗೆದದ್ದಕ್ಕೆ ಹೋಲಿಸಿ ಏನೋ ಬದಲಾಗಿದೆ ಅಂದುಕೊಳ್ಳುತ್ತಾರೆ. ಇನ್ನೊಂದು ಕಾಣದ ತಪ್ಪು ಫಿಲ್ಟರ್. ಗೆರೆ ನಡುಗದಿರಲಿ ಎಂದು ಯಂತ್ರವನ್ನು 40 ಹರ್ಟ್ಸ್‌ಗೆ ಇಟ್ಟುಬಿಡುವ ರೂಢಿ ಹಲವೆಡೆ ಇದೆ. ಗೆರೆ ನಯವಾಗುತ್ತದೆ ನಿಜ, ಜೊತೆಗೆ ಕ್ಯುಆರ್‌ಎಸ್ ಮೇಲಿನ ಸಣ್ಣ ಕಚ್ಚುಗಳೂ ಅಳಿಸಿಹೋಗುತ್ತವೆ. ಡಿಸಿಎಂನಲ್ಲಿ ನಮಗೆ ಬೇಕಾದದ್ದೇ ಆ ಕಚ್ಚುಗಳು. ದೊಡ್ಡವರಲ್ಲಿ 150 ಹರ್ಟ್ಸ್ ಇರಲಿ. ನಡುಕ ಬಂದರೆ ಚರ್ಮ ಒರೆಸಿ, ಕೂದಲು ತೆಗೆದು, ಚಳಿಯಾಗಿದ್ದರೆ ಹೊದಿಕೆ ಕೊಟ್ಟು ಮತ್ತೆ ತೆಗೆಯಿರಿ.

ಅಳೆಯುವಾಗ ಯಂತ್ರ ಮುದ್ರಿಸಿದ ಅಂಕಿಯನ್ನು ಹಾಗೇ ನಂಬುವುದಿಲ್ಲ. ಹನ್ನೆರಡು ಲೀಡುಗಳನ್ನೂ ಒಟ್ಟಿಗೆ ಇಟ್ಟು, ಯಾವುದರಲ್ಲಿ ಮೊದಲು ಗೆರೆ ಏಳುತ್ತದೋ ಅಲ್ಲಿಂದ, ಯಾವುದರಲ್ಲಿ ಕೊನೆಗೆ ಇಳಿದು ನಿಲ್ಲುತ್ತದೋ ಅಲ್ಲಿಯವರೆಗೆ ಅಳತೆ. ಸಂಶಯ ಬಂದರೆ ಕಾಗದದ ವೇಗ 50ಕ್ಕೆ ಏರಿಸಿ ಇನ್ನೊಂದು ತೆಗೆಯುತ್ತೇವೆ, ಚೌಕದ ಬೆಲೆ 20 ಮಿಲಿಸೆಕೆಂಡಿಗೆ ಇಳಿದು ಅಳತೆ ಹರಿತವಾಗುತ್ತದೆ. 145 ಮತ್ತು 152ರ ನಡುವಿನ ವ್ಯತ್ಯಾಸ ಕಣ್ಣಿಗೆ ಏನೂ ಅಲ್ಲ, ಚಿಕಿತ್ಸೆಯ ನಿರ್ಧಾರದಲ್ಲಿ ದೊಡ್ಡದು.

ಅಗಲಕ್ಕೆ ಕಾರಣ ಬಹುಪಾಲು ಎಡ ಕವಲಿನ ತಡೆ, ಆಸ್ಪತ್ರೆಯಲ್ಲಿ ಎಲ್ಲರೂ ಎಲ್‌ಬಿಬಿಬಿ ಎನ್ನುವುದು. ಮೇಲಿನ ಕೋಣೆಯಿಂದ ಇಳಿದ ವಿದ್ಯುತ್ತು ನಡುಗೋಡೆಯಲ್ಲಿ ಎರಡು ಕವಲಾಗಿ ಬಲಕ್ಕೆ, ಎಡಕ್ಕೆ ಹರಿಯಬೇಕು. ಎಡ ಕವಲು ಕಟ್ಟಿದರೆ ಬಲಬದಿ ಮತ್ತು ನಡುಗೋಡೆಗೆ ಮೊದಲು ತಲುಪಿ, ಎಡದ ಹೊರಗೋಡೆಗೆ ಸ್ನಾಯುವಿನ ಮೂಲಕ ತೆವಳಿಕೊಂಡು ಹೋಗುತ್ತದೆ, ಕಾಲುವೆ ಒಡೆದಾಗ ಕೊನೆಯ ಗದ್ದೆಗೆ ನೀರು ಬದುವಿನ ಮೇಲೆ ಹರಿದು ತಡವಾಗಿ ಮುಟ್ಟುವಂತೆ. ಒದ್ದೆ ಸೀರೆ ಹಿಂಡುವಾಗ ಎರಡು ತುದಿಯನ್ನೂ ಒಟ್ಟಿಗೆ ತಿರುಚಬೇಕಲ್ಲ, ಹೃದಯ ರಕ್ತ ಹಿಂಡುವುದೂ ಹಾಗೆಯೇ. ಒಬ್ಬರು ತಿರುಚಿ ಬಿಟ್ಟ ಮೇಲೆ ಇನ್ನೊಬ್ಬರು ತಿರುಚಿದರೆ ಸೀರೆ ಹೊರಳುತ್ತದೆಯೇ ಹೊರತು ನೀರು ಇಳಿಯುವುದಿಲ್ಲ. ನಡುಗೋಡೆ ಒತ್ತಿದಾಗ ಹೊರಗೋಡೆ ಸಡಿಲ, ಹೊರಗೋಡೆ ಒತ್ತುವಾಗ ನಡುಗೋಡೆ ಸಡಿಲ, ರಕ್ತ ಒಳಗೇ ಆಚೀಚೆ ತುಳುಕುತ್ತದೆ. ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯುಗಳೂ ತಾಳ ತಪ್ಪಿ ಕವಾಟ ಸೋರುತ್ತದೆ. ಎಲ್‌ಬಿಬಿಬಿ ಡಿಸಿಎಂನ ಲಕ್ಷಣ ಮಾತ್ರವಲ್ಲ, ಹಿಗ್ಗುವುದನ್ನು ಇನ್ನಷ್ಟು ಮುಂದಕ್ಕೆ ತಳ್ಳುವ ಕಾರಣವೂ ಹೌದು. ಆದ್ದರಿಂದಲೇ ಅದನ್ನು ಸರಿಪಡಿಸುವುದಕ್ಕೆ ಅಷ್ಟು ಬೆಲೆ.

ಅಗಲವಾದದ್ದೆಲ್ಲ ಎಲ್‌ಬಿಬಿಬಿ ಅಲ್ಲ. ನಿಜವಾದದ್ದರಲ್ಲಿ ವಿ1 ಪೂರ್ತಿ ಅಥವಾ ಬಹುತೇಕ ಕೆಳಮುಖ. ಒಂದನೆಯ ಲೀಡ್, ಎವಿಎಲ್, ವಿ5, ವಿ6ರಲ್ಲಿ ಆರ್ ಅಲೆ (ಕ್ಯುಆರ್‌ಎಸ್‌ನ ಮೇಲ್ಮುಖ ಭಾಗ) ಅಗಲವಾಗಿ, ನೆತ್ತಿಯಲ್ಲಿ ಕಚ್ಚು ಬಿದ್ದು ನಿಂತಿರುತ್ತದೆ. 2011ರಲ್ಲಿ ಸ್ಟ್ರಾಸ್, ಸೆಲ್ವೆಸ್ಟರ್, ವ್ಯಾಗ್ನರ್ ಎಂಬ ಮೂವರು ಸಂಶೋಧಕರು ಸೂಚಿಸಿದ ಬಿಗಿಯಾದ ಅಳತೆಯಲ್ಲಿ ಗಂಡಸರಿಗೆ 140, ಹೆಂಗಸರಿಗೆ 130 ಮಿಲಿಸೆಕೆಂಡು ಇರಬೇಕು, ಕ್ಯುಆರ್‌ಎಸ್‌ನ ನಡುವಿನ ಕಚ್ಚು ಕನಿಷ್ಠ ಎರಡು ಲೀಡುಗಳಲ್ಲಿ ಕಾಣಬೇಕು. ಹಳೆಯ 120ರ ಅಳತೆಯಲ್ಲಿ ಎಲ್‌ಬಿಬಿಬಿ ಅನ್ನಿಸಿಕೊಂಡ ಕೆಲವರಲ್ಲಿ ಕವಲು ಕಟ್ಟಿರುವುದೇ ಇಲ್ಲ, ಗೋಡೆ ದಪ್ಪವಾಗಿ ಅಥವಾ ಕೋಣೆ ಹಿಗ್ಗಿ ವಿದ್ಯುತ್ತಿನ ದಾರಿ ಉದ್ದವಾಗಿರುತ್ತದೆ ಅಷ್ಟೆ. ಅಂಥವರಿಗೆ ಸಿಆರ್‌ಟಿ, ಅಂದರೆ ಎರಡೂ ಕೆಳಕೋಣೆಗಳನ್ನು ಒಟ್ಟಿಗೆ ಮಿಡಿಸುವ ಮೂರು ತಂತಿಯ ಪೇಸ್‌ಮೇಕರ್ ಹಾಕಿದರೆ ನಿರೀಕ್ಷಿಸಿದ ಫಲ ಸಿಗುವುದಿಲ್ಲ.

ಇನ್ನೊಂದು ಸುಳ್ಳು ಅಗಲ ಪೊಟ್ಯಾಸಿಯಂನದು. ಹೃದಯ ಸೋತವರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಜೊತೆಗೆ ಸ್ಯಾಕ್ಯುಬಿಟ್ರಿಲ್–ವಲ್ಸಾರ್ಟಾನ್ ತೆಗೆದುಕೊಳ್ಳುತ್ತಿರುವವರ ಕಿಡ್ನಿ ಸ್ವಲ್ಪ ಕುಂದಿದರೂ ಪೊಟ್ಯಾಸಿಯಂ ಏರುತ್ತದೆ. ಬೇಸಿಗೆಯಲ್ಲಿ "ತಂಪು, ಒಳ್ಳೇದು" ಎಂದು ದಿನಕ್ಕೆ ಎರಡು ಮೂರು ಎಳನೀರು ಕುಡಿದರೆ ಮುಗಿಯಿತು. ಎಳನೀರು ಪೊಟ್ಯಾಸಿಯಂ ತುಂಬಿದ ಪಾನೀಯ. 6.5 ದಾಟಿದ ಪೊಟ್ಯಾಸಿಯಂ ಕ್ಯುಆರ್‌ಎಸ್ ನಂತರದ ಟಿ ಅಲೆಯನ್ನು ಗುಡಾರದಂತೆ ಎತ್ತಿ, ಅದಕ್ಕೆ ಮೊದಲಿನ, ಮೇಲ್ಕೋಣೆಗಳ ಪಿ ಅಲೆಯನ್ನು ಅಳಿಸಿ, ಕ್ಯುಆರ್‌ಎಸ್‌ನ್ನು ಹಿಗ್ಗಿಸುತ್ತದೆ. ಆ ದಿನದ ಕಾಗದ ನೋಡಿ ಪೇಸ್‌ಮೇಕರಿನ ಮಾತಾಡಬಾರದು. ಮೊದಲು ರಕ್ತ ಸರಿಪಡಿಸಿ, ಆಮೇಲೆ ಅಳೆಯಬೇಕು. ಮೈಯ ನೀರು ಇಳಿಸುವ ಫ್ರುಸಮೈಡ್ ಹೆಚ್ಚಾದಾಗ ಇದಕ್ಕೆ ತದ್ವಿರುದ್ಧ: ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಇಳಿದು, ಕ್ಯುಟಿ (ಕ್ಯುಆರ್‌ಎಸ್‌ನ ಶುರುವಿನಿಂದ ಟಿ ಅಲೆಯ ಕೊನೆಯವರೆಗಿನ ಅವಧಿ) ಉದ್ದವಾಗಿ, ತಪ್ಪು ಬಡಿತಗಳು ಸಾಲಾಗಿ ಏಳುತ್ತವೆ. ಪೊಟ್ಯಾಸಿಯಂ 4ರಿಂದ 5ರ ನಡುವೆ, ಮೆಗ್ನೀಸಿಯಂ 2ರ ಮೇಲೆ ಇರಲಿ ಎಂದು ನೋಡಿಕೊಳ್ಳುತ್ತೇವೆ.

ಆ ತಪ್ಪು ಬಡಿತಗಳನ್ನು ಹಿಡಿಯಲು ಹತ್ತು ಸೆಕೆಂಡಿನ ಇಸಿಜಿ ಸಾಲದು. "ಒಂದು ಬಡಿತ ತಪ್ಪಿ ಆಮೇಲೆ ಧಡಕ್ ಅಂತದೆ ಸಾರ್" ಎನ್ನುವವರಿಗೆ 24 ಗಂಟೆಯೂ ಇಸಿಜಿ ದಾಖಲಿಸುವ ಹೋಲ್ಟರ್ ಕಟ್ಟುತ್ತೇವೆ. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆಳಕೋಣೆಯ ತಪ್ಪು ಬಡಿತಗಳಿದ್ದು, ಹೆಚ್ಚಿನವು ಒಂದೇ ಆಕಾರದಲ್ಲಿದ್ದರೆ ಪ್ರಶ್ನೆ ತಿರುಗುಮುರುಗಾಗುತ್ತದೆ: ಹಿಗ್ಗಿದ್ದರಿಂದ ತಪ್ಪು ಬಡಿತ ಬಂತೋ, ತಪ್ಪು ಬಡಿತದಿಂದಲೇ ಹಿಗ್ಗಿತೋ? ಎರಡನೆಯದಾದರೆ ಆ ಒಂದು ಜಾಗವನ್ನು ಹೃದಯದೊಳಗೆ ಹಾಯಿಸುವ ತೆಳು ನಳಿಗೆಯಾದ ಕ್ಯಾತಿಟರ್‌ನಿಂದ ಸುಟ್ಟರೆ ಕೆಲವು ತಿಂಗಳಲ್ಲಿ ಇಎಫ್ ಮೇಲೇರಬಹುದು. ಗುಣವಾಗಬಲ್ಲ ಈ ಗುಂಪನ್ನು ಹುಡುಕದೆ ಬಿಡುವುದು ದೊಡ್ಡ ನಷ್ಟ. ಬಹುದಿನ ವೇಗವಾಗಿ ಓಡಿದ ಏಟ್ರಿಯಲ್ ಫಿಬ್ರಿಲೇಶನ್ನಿಂದ (ಮೇಲ್ಕೋಣೆಗಳ ಲಯ ತಪ್ಪಿದ ಬಡಿತ) ಹಿಗ್ಗಿದ ಹೃದಯಕ್ಕೂ ಇದೇ ಮಾತು.

ಹೋಲ್ಟರಿನಲ್ಲಿ ಮೂರು ಅಥವಾ ಹೆಚ್ಚು ಕೆಳಕೋಣೆಯ ಬಡಿತ ಸಾಲಾಗಿ, ನಿಮಿಷಕ್ಕೆ ನೂರಕ್ಕಿಂತ ವೇಗವಾಗಿ ಓಡಿ, 30 ಸೆಕೆಂಡಿನೊಳಗೆ ತಾನೇ ನಿಂತರೆ ಅದು ಎನ್‌ಎಸ್‌ವಿಟಿ. ಡಿಸಿಎಂನಲ್ಲಿ ಇದು ಅಪರೂಪವಲ್ಲ. ಅಪರೂಪವಾದರೂ ನೆನಪಿಡಬೇಕಾದದ್ದು ಕವಲುಗಳಲ್ಲೇ ಸುತ್ತುವ ವಿಟಿ (ಕೆಳಕೋಣೆಯಿಂದಲೇ ಏಳುವ ವೇಗದ ಬಡಿತ). ಕವಲುಗಳು ಸೋತ ಹಿಗ್ಗಿದ ಹೃದಯದಲ್ಲಿ ವಿದ್ಯುತ್ತು ಬಲ ಕವಲಿನಲ್ಲಿ ಇಳಿದು, ಎಡ ಕವಲಿನಲ್ಲಿ ಹಿಮ್ಮುಖವಾಗಿ ಏರಿ, ಮತ್ತೆ ಬಲದಲ್ಲಿ ಇಳಿದು ಸುತ್ತುತ್ತಲೇ ಇರುತ್ತದೆ. ನಿಮಿಷಕ್ಕೆ 200 ಮುಟ್ಟಿ ರೋಗಿ ಕುಸಿಯುತ್ತಾರೆ. ಕಾಗದದಲ್ಲಿ ಅವರದೇ ಹಳೆಯ ಎಲ್‌ಬಿಬಿಬಿ ಓಡುತ್ತಿರುವಂತೆ ಕಾಣುವುದರಿಂದ ಮೇಲಿನ ಕೋಣೆಯ ವೇಗ ಎಂದು ಮೋಸಹೋಗುವುದು ಸುಲಭ. ಇದನ್ನು ಗುರುತಿಸಿದರೆ ಬಲ ಕವಲನ್ನು ಸುಟ್ಟು ಈ ಸುತ್ತನ್ನು ಕಡಿದುಹಾಕಬಹುದು.

ಯಂತ್ರಕ್ಕೆ ಮೊದಲು ಔಷಧಿ. ಬೀಟಾ ಬ್ಲಾಕರ್, ಸ್ಯಾಕ್ಯುಬಿಟ್ರಿಲ್–ವಲ್ಸಾರ್ಟಾನ್ ಅಥವಾ ಎಸಿಇ ತಡೆಯುವ ಗುಳಿಗೆ, ಸ್ಪೈರೊನೊಲ್ಯಾಕ್ಟೋನ್ ಬಗೆಯದು, ಡಾಪಾಗ್ಲಿಫ್ಲೋಜಿನ್ ಬಗೆಯದು. ಈ ನಾಲ್ಕನ್ನೂ ರೋಗಿ ತಾಳುವಷ್ಟು ಪ್ರಮಾಣಕ್ಕೆ ಏರಿಸಿ, ಕನಿಷ್ಠ ಮೂರು ತಿಂಗಳು ಕಾದು ಮತ್ತೆ ಎಕೋ. ಹಲವರಲ್ಲಿ ಇಎಫ್ 35 ದಾಟಿರುತ್ತದೆ, ಯಂತ್ರದ ಅಗತ್ಯವೇ ತಪ್ಪುತ್ತದೆ. ಅಷ್ಟಾದರೂ 35 ಅಥವಾ ಕಡಿಮೆ, ಲಯ ಸೈನಸ್ (ಸಹಜ ಲಯ), ಎಲ್‌ಬಿಬಿಬಿ 150 ಮಿಲಿಸೆಕೆಂಡು ಅಥವಾ ಹೆಚ್ಚು, ನಡೆದರೆ ಏದುಸಿರು ಎಂದಾದರೆ ಸಿಆರ್‌ಟಿಯಿಂದ ಹೆಚ್ಚು ಲಾಭವಾಗುವುದು ಅವರಿಗೇ. 130ರಿಂದ 149ರ ನಡುವೆ ಯೋಚಿಸಿ ಹಾಕುತ್ತೇವೆ. ಹೆಂಗಸರಲ್ಲಿ ಈ ಕಡಿಮೆ ಅಗಲದಲ್ಲೂ ಫಲ ಚೆನ್ನಾಗಿದೆ. 130ಕ್ಕಿಂತ ಕಡಿಮೆ ಇದ್ದವರಿಗೆ ಬೇಡ. 2013ರ ಎಕೋಸಿಆರ್‌ಟಿ ಅಧ್ಯಯನದಲ್ಲಿ ಕಿರಿದಾದ ಕ್ಯುಆರ್‌ಎಸ್ ಇದ್ದವರಿಗೆ ಸಿಆರ್‌ಟಿಯಿಂದ ಲಾಭ ಬರಲಿಲ್ಲ, ಸಾವು ಹೆಚ್ಚಾಯಿತು.

ಕೂರಿಸುವ ದಿನದ ಮೊದಲ ಷರತ್ತು, ರೋಗಿ ಎರಡು ಮೂರು ಗಂಟೆ ಚಪ್ಪಟೆಯಾಗಿ ಮಲಗಬಲ್ಲರೇ? ಮಲಗಲಾರದವರನ್ನು ಟೇಬಲ್ಲಿಗೆ ಹತ್ತಿಸಬಾರದು. ನೀರು ಇಳಿಸಿ ಎರಡು ದಿನ ತಡವಾದರೂ ಚಿಂತೆಯಿಲ್ಲ. ಕ್ರಿಯಾಟಿನಿನ್ ನೋಡಿಕೊಳ್ಳುತ್ತೇವೆ, ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲೆಂದು ಹಾಕುವ ಬಣ್ಣದ ದ್ರವ ಕಿಡ್ನಿಗೆ ಭಾರ. ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಸೋಂಕು ತಡೆಯುವ ಸೆಫಜೋಲಿನ್ ಇಂಜೆಕ್ಷನ್ ಆಗಿರಬೇಕು. ಎಡ ಕೊರಳೆಲುಬಿನ ಕೆಳಗೆ ಜಾಗ ಮರಗಟ್ಟಿಸಲು ಲಿಗ್ನೊಕೇನ್ ಕೊಟ್ಟು ನಾಲ್ಕೈದು ಸೆಂ.ಮೀ. ಕೊಯ್ತ, ಸ್ನಾಯುವಿನ ಮೇಲೆ ಯಂತ್ರಕ್ಕೊಂದು ಜೇಬು. ಎಡಗೈಯ ಸೂಜಿಯಿಂದ ಬಣ್ಣ ಹಾಯಿಸಿ ಕಂಕುಳ ಅಭಿಧಮನಿ ಎಲ್ಲಿದೆಯೆಂದು ನೋಡಿ ಮೂರು ತಂತಿಗೆ ಮೂರು ದಾರಿ. ಕುರುಡಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗಿ ಗಾಳಿ ತುಂಬುವ ಭಯ.

ತಂತಿಗಳ ಸರದಿಯಲ್ಲಿ ಎಂದಿಗೂ ಸಡಿಲ ಬಿಡಬಾರದ ನಿಯಮ ಒಂದಿದೆ: ಬಲ ಹೃತ್ಕುಕ್ಷಿಯ ಲೀಡ್ (ಇಲ್ಲಿ ಲೀಡ್ ಎಂದರೆ ಪೇಸ್‌ಮೇಕರಿನ ತಂತಿ) ಮೊದಲು. ಎಲ್‌ಬಿಬಿಬಿ ಇರುವವರ ಕೆಳಕೋಣೆಗಳು ಬಲ ಕವಲೊಂದನ್ನೇ ನಂಬಿ ಬದುಕಿವೆ. ಒಳಗೆ ಓಡಾಡುವ ಕ್ಯಾತಿಟರ್ ಆ ಕವಲಿಗೆ ಸ್ವಲ್ಪ ತಾಗಿದರೂ ಅದು ಮರಗಟ್ಟುತ್ತದೆ, ಆ ಕ್ಷಣ ಮಾನಿಟರಿನಲ್ಲಿ ನೇರ ಗೆರೆ. ಬಲದ ಲೀಡ್ ಕೂತು ಪೇಸ್ ಮಾಡಲು (ವಿದ್ಯುತ್ತಿನಿಂದ ಮಿಡಿಸಲು) ಸಿದ್ಧವಿದ್ದರೆ ಒಂದು ಗುಂಡಿ ಒತ್ತಿದರೆ ಸಾಕು. ಇಲ್ಲದಿದ್ದರೆ ಎದೆ ಒತ್ತಬೇಕು. ಲೀಡಿನ ತುದಿ ಕೂತ ಮೇಲೆ ಅಳತೆ: ಆರ್ ಅಲೆ 5 ಮಿಲಿವೋಲ್ಟಿಗಿಂತ ಹೆಚ್ಚು, ಬಡಿತ ಹಿಡಿಯಲು ಬೇಕಾದ ವೋಲ್ಟೇಜು 1ಕ್ಕಿಂತ ಕಡಿಮೆ.

ಕಷ್ಟದ ಭಾಗ ಎಡಬದಿಯ ಲೀಡ್. ಅದು ಎಡ ಕೋಣೆಯ ಒಳಗೆ ಹೋಗುವುದಿಲ್ಲ. ಹೃದಯದ ಹೊರಮೈಯ ಅಭಿಧಮನಿಯಲ್ಲಿ ಕೂರುತ್ತದೆ. ಹೃದಯದ ಅಭಿಧಮನಿಗಳು ಕೂಡಿ ಬಲ ಮೇಲ್ಕೋಣೆಯೊಳಗೆ ತೆರೆಯುವ ಕೊರೊನರಿ ಸೈನಸ್ಸಿನ ಬಾಯಿ ಹುಡುಕಬೇಕು. ಹಿಗ್ಗಿದ ಹೃದಯ ತಿರುಗಿಕೊಂಡಿರುತ್ತದೆ, ಬಾಯಿ ಪುಸ್ತಕದಲ್ಲಿ ತೋರಿಸಿದ ಕಡೆ ಇರುವುದಿಲ್ಲ. ಎಷ್ಟೋ ಸಲ ನಿರೀಕ್ಷೆಗಿಂತ ಕೆಳಗಿರುತ್ತದೆ. ಬರಿಯ ಶೀತ್ (ಲೀಡ್ ಸಾಗಿಸುವ ಕೊಳವೆ) ತಳ್ಳಿ ಹುಡುಕಬೇಡಿ. ಮುಂದೆ ಮೃದುವಾದ ತಂತಿ ಅಥವಾ ಬಾಗಬಲ್ಲ ಕ್ಯಾತಿಟರ್ ಹೋಗಲಿ, ಶೀತ್ ಅದರ ಮೇಲೆ ಜಾರಲಿ. ಬಲವಂತ ಮಾಡಿದರೆ ಅಭಿಧಮನಿಯ ಒಳಪದರ ಸೀಳಿ, ಬಣ್ಣ ಗೋಡೆಯಲ್ಲಿ ನಿಂತುಬಿಡುತ್ತದೆ. ಒಳಗೆ ಹೋದಮೇಲೆ ಬಲೂನು ಉಬ್ಬಿಸಿ ಬಣ್ಣ ಹಾಕಿ ಎರಡು ಕೋನದಿಂದ ಚಿತ್ರ ತೆಗೆದು ಕವಲು ಆರಿಸುತ್ತೇವೆ. ಬೇಕಾದದ್ದು ಹೊರಗೋಡೆಯ ಅಥವಾ ಹಿಂಹೊರಗೋಡೆಯ ಕವಲು, ಬುಡ ಅಥವಾ ನಡುಭಾಗ. ತುದಿಗೆ ಹೋದರೆ ಬಲದ ಲೀಡಿನ ಪಕ್ಕಕ್ಕೇ ಹೋದಂತೆ, ಎರಡು ತುದಿಯಿಂದ ಹಿಂಡುವ ಉದ್ದೇಶವೇ ಕೆಡುತ್ತದೆ. ಕ್ಯುಆರ್‌ಎಸ್ ಶುರುವಾದ 95 ಮಿಲಿಸೆಕೆಂಡಿನ ನಂತರ ಆ ಜಾಗಕ್ಕೆ ವಿದ್ಯುತ್ತು ತಲುಪುತ್ತಿದ್ದರೆ ಅದು ನಿಜಕ್ಕೂ ತಡವಾದ ಗದ್ದೆ, ಲೀಡ್ ಅಲ್ಲೇ ಇರಲಿ.

ಆಮೇಲೆ 10 ವೋಲ್ಟಿನಲ್ಲಿ ಪೇಸ್ ಮಾಡಿ ಹೊಟ್ಟೆಯ ಮೇಲೆ ಕೈಯಿಡುತ್ತೇವೆ. ವಪೆಯ ನರ ಹೊರಗೋಡೆಗೆ ಅಂಟಿಕೊಂಡೇ ಇಳಿಯುವುದರಿಂದ ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂತೆ ಹೊಟ್ಟೆ ಕುಣಿಯಬಹುದು. ಟೇಬಲ್ಲಿನ ಮೇಲೆ ಅಲಕ್ಷಿಸಿದ್ದು ಮನೆಯಲ್ಲಿ ಎಡಮಗ್ಗುಲಿಗೆ ಮಲಗಿದಾಗ ರಾತ್ರಿಯಿಡೀ ಕಾಡುತ್ತದೆ. ನಾಲ್ಕು ಧ್ರುವದ ಲೀಡ್ ಆದರೆ ಜಾಗ ಬಿಡದೆ ಬೇರೆ ಧ್ರುವಕ್ಕೆ ಬದಲಿಸಬಹುದು. ಮೇಲ್ಕೋಣೆಯ ಲೀಡ್ ಸುಲಭ, ಅದು ಕೊನೆಗೆ. ಕಡೆಯ ಗಂಡಾಂತರ ಶೀತ್ ಸೀಳಿ ತೆಗೆಯುವಾಗ: ಬ್ಲೇಡ್ ಹಿಡಿದ ಕೈ ಕದಲಬಾರದು, ಶೀತನ್ನು ತನ್ನತ್ತ ಎಳೆಯಬೇಕು. ಎರಡು ಗಂಟೆಯ ಶ್ರಮದ ಲೀಡ್ ಜಾರಿ ಬರುವುದು ಈ ಹತ್ತು ಸೆಕೆಂಡಿನಲ್ಲಿ.

ಕೊರೊನರಿ ಸೈನಸ್ಸಿನಲ್ಲಿ ಒಳ್ಳೆಯ ಕವಲೇ ಸಿಗದವರಿಗೆ ಈಗ ಇನ್ನೊಂದು ದಾರಿಯಿದೆ. ನಡುಗೋಡೆಯನ್ನು ತಿರುಪಿನಂತೆ ಕೊರೆದು, ತಡೆಯಾದ ಜಾಗಕ್ಕಿಂತ ಮುಂದೆ ಎಡ ಕವಲನ್ನೇ ನೇರವಾಗಿ ಎಚ್ಚರಿಸುವುದು. 2017ರಲ್ಲಿ ಚೀನಾದ ಹುವಾಂಗ್ ವೈಜಿಯಾನ್ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ಸಾಧಾರಣ ಎರಡು ತಂತಿಯ ಪೇಸ್‌ಮೇಕರಿನಲ್ಲೇ ಆಗುವುದರಿಂದ ಖರ್ಚು ಬಹಳ ಕಡಿಮೆ. ಕೈಯಿಂದ ಹಣ ಕಟ್ಟುವ ನಮ್ಮ ರೋಗಿಗಳಿಗೆ ಇದು ಸಣ್ಣ ಮಾತಲ್ಲ.

ಶಾಕ್ ಕೊಡುವ ಯಂತ್ರವೂ ಬೇಕೇ ಎಂಬುದು ಬೇರೆ ಪ್ರಶ್ನೆ. ಒಮ್ಮೆ ವಿಟಿಯಿಂದ ಕುಸಿದು ಬದುಕಿದವರಿಗೆ ಬೇಕೇ ಬೇಕು. ಉಳಿದವರಲ್ಲಿ 2016ರ ಡ್ಯಾನಿಶ್ ಅಧ್ಯಯನ ಯೋಚನೆಗೆ ಹಚ್ಚಿತು. ರಕ್ತನಾಳದ ರೋಗವಿಲ್ಲದೆ ಹೃದಯ ಸೋತ 1116 ಜನರಲ್ಲಿ ಶಾಕ್ ಯಂತ್ರ ಒಟ್ಟು ಸಾವನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲ, ಹಠಾತ್ ಸಾವನ್ನು ತಗ್ಗಿಸಿತು. ಲಾಭ ಕಂಡದ್ದು ವಯಸ್ಸು ಚಿಕ್ಕದಿದ್ದವರಲ್ಲಿ. ಎಂಆರ್‌ಐನಲ್ಲಿ ಗೋಡೆಯ ನಡುಪದರದಲ್ಲಿ ಗಾಯದ ಬಿಳಿ ಗೆರೆ ಕಂಡರೆ ನಾವು ಶಾಕ್ ಯಂತ್ರದ ಕಡೆಗೇ ವಾಲುತ್ತೇವೆ.

ಮರುದಿನ ಎದೆಯ ಎಕ್ಸ್‌ರೇ, ಮತ್ತೆ ಹನ್ನೆರಡು ಲೀಡಿನ ಇಸಿಜಿ. ಎರಡೂ ಬದಿ ಹಿಡಿಯುತ್ತಿದ್ದರೆ ಒಂದನೆಯ ಲೀಡ್ ಸಾಮಾನ್ಯವಾಗಿ ಕೆಳಮುಖವಾಗಿ ಶುರುವಾಗುತ್ತದೆ, ವಿ1ರಲ್ಲಿ ಆರ್ ಅಲೆ ಏಳುತ್ತದೆ. ಒಂದನೆಯ ಲೀಡ್ ಮೇಲ್ಮುಖವಾಗಿ, ವಿ1 ಕೆಳಮುಖವಾಗಿಯೇ ಇದ್ದರೆ ಎಡದ ಲೀಡ್ ಬಿಟ್ಟಿದೆಯೇ ಎಂದು ನೋಡಲೇಬೇಕು. ನಾಲ್ಕು ಚೌಕ ಮೂರಕ್ಕೆ ಇಳಿದಿದ್ದರೆ ಒಳ್ಳೆಯ ಸೂಚನೆ.

ಮುಂದಿನ ಭೇಟಿಗಳಲ್ಲಿ ನಾವು ಮೊದಲು ನೋಡುವ ಅಂಕಿ, ನೂರಕ್ಕೆ ಎಷ್ಟು ಬಡಿತ ಎರಡೂ ಬದಿಯಿಂದ ಪೇಸ್ ಆಗಿದೆ ಎಂಬುದು. 98ಕ್ಕಿಂತ ಮೇಲಿರಬೇಕು. ತೊಂಬತ್ತು ಚೆನ್ನಾಗಿದೆ ಅನ್ನಿಸಬಹುದು, ಹೃದಯಕ್ಕೆ ಅದು ಸಾಲುವುದಿಲ್ಲ. ಕಡಿಮೆಯಾದರೆ ಕಾರಣ ಸಾಮಾನ್ಯವಾಗಿ ಏಟ್ರಿಯಲ್ ಫಿಬ್ರಿಲೇಶನ್, ತಪ್ಪು ಬಡಿತಗಳು, ಅಥವಾ ಮೇಲ್ಕೋಣೆ–ಕೆಳಕೋಣೆಯ ನಡುವಿನ ಅವಧಿಯನ್ನು ಉದ್ದ ಇಟ್ಟಿರುವುದು. ಆ ಅವಧಿಯನ್ನು 100–120 ಮಿಲಿಸೆಕೆಂಡಿಗೆ ತಂದರೆ ಕೊನೆಯದು ಸರಿಹೋಗುತ್ತದೆ. ಯಂತ್ರದ ಲೆಕ್ಕವೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಸಹಜ ಬಡಿತ ಆಗಲೇ ಹೊರಟಿದ್ದಾಗ ಅದರ ಮೇಲೆ ಬಿದ್ದ ನಿಷ್ಫಲ ಮಿಡಿತವನ್ನೂ ಅದು ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಅಂಕಿ 99 ಇದ್ದೂ ರೋಗಿಯ ಏದುಸಿರು ಕಡಿಮೆಯಾಗದಿದ್ದರೆ ಹನ್ನೆರಡು ಲೀಡಿನ ಹೋಲ್ಟರ್ ಹಾಕಿ ಆಕಾರ ನೋಡಬೇಕು. ಎಲ್ಲ ಸರಿಯಿದ್ದೂ ಮೂವರಲ್ಲಿ ಒಬ್ಬರಿಗೆ ಹೆಚ್ಚಿನ ಫಲ ಕಾಣುವುದಿಲ್ಲ. ಇದನ್ನು ಕೂರಿಸುವ ಮೊದಲೇ ಮನೆಯವರಿಗೆ ಹೇಳುವುದು ನಮ್ಮ ಕರ್ತವ್ಯ.

ಮನೆಗೆ ಹೊರಟಾಗ ಹೇಳುವ ಮಾತುಗಳು: ನಾಲ್ಕರಿಂದ ಆರು ವಾರ ಎಡಗೈ ಭುಜದ ಮೇಲೆ ಎತ್ತಬೇಡಿ, ಹಾಗೆಂದು ಜೋಳಿಗೆ ಕಟ್ಟಿ ಅಲುಗಿಸದೆಯೂ ಇಡಬೇಡಿ, ಭುಜ ಹಿಡಿದುಕೊಳ್ಳುತ್ತದೆ. ಮೊಬೈಲು ಎಡ ಜೇಬಿನಲ್ಲಿ ಬೇಡ. ಪಂಪ್‌ಸೆಟ್ ಮೋಟರು ಓಡುವಾಗ ಅದರ ಮೇಲೆ ಬಾಗಬೇಡಿ, ಎರಡು ಅಡಿ ದೂರವಿರಿ. ವೆಲ್ಡಿಂಗ್ ಬಿಡಿ. ಯಂತ್ರ ಇಟ್ಟ ಜಾಗ ಕೆಂಪಾದರೆ, ಊದಿದರೆ, ಕೀವಾದರೆ ಊರಿನಲ್ಲಿ ಸೂಜಿ ಹಾಕಿ ತೆಗೆಸಬೇಡಿ, ನೇರ ಇಲ್ಲಿಗೆ ಬನ್ನಿ. ಸೂಜಿ ಚುಚ್ಚಿದರೆ ಸೋಂಕು ಒಳಗೆ ಇಳಿದು ತಂತಿಗಳನ್ನೆಲ್ಲ ಕೀಳಬೇಕಾದೀತು. ಇಸಿಜಿ ಕಾಗದಗಳ ಜೆರಾಕ್ಸ್ ಮಾಡಿಸಿಡಿ. ಶಾಖದಿಂದ ಮುದ್ರಿಸಿದ ಕಾಗದ ವರ್ಷದೊಳಗೆ ಮಾಸಬಹುದು, ಲ್ಯಾಮಿನೇಶನ್ ಮಾಡಿಸಿದರೆ ಕಪ್ಪಾಗುತ್ತದೆ.

ಇನ್ನೊಂದು ಕೆಲಸ ಬಾಕಿ ಇರುತ್ತದೆ. ರೋಗಿಯ ಜೊತೆ ಬಂದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳನ್ನೂ ಟೇಬಲ್ಲಿನ ಮೇಲೆ ಮಲಗಿಸಿ ಒಂದು ಇಸಿಜಿ, ಒಂದು ಎಕೋ ಮಾಡುತ್ತೇವೆ. ಲ್ಯಾಮಿನ್ ಜೀನಿನ ದೋಷವಿದ್ದರೆ ಹೃದಯ ಹಿಗ್ಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕಾಗದದಲ್ಲಿ ಸುಳಿವು ಸಿಗುತ್ತದೆ, ಮತ್ತು ಅಂಥ ಮನೆಗಳಲ್ಲಿ ಇಎಫ್ 35ಕ್ಕೆ ಇಳಿಯುವ ಮೊದಲೇ ಅಪಾಯದ ವಿಟಿ ಬರಬಹುದು. "ನಂಗೇನೂ ಆಗಿಲ್ಲ, ಹೊಲದಲ್ಲಿ ದುಡೀತೀನಿ" ಎನ್ನುತ್ತಾ ಅಂಗಿ ಬಿಚ್ಚುವ ತಮ್ಮನ ಎದೆಗೆ ಆರು ಲೀಡುಗಳನ್ನು ಸಂದು ಎಣಿಸಿಯೇ ಅಂಟಿಸುತ್ತೇವೆ. ಅವರ ಕ್ಯುಆರ್‌ಎಸ್ ಎರಡೇ ಚೌಕ ಇದ್ದರೂ ಕಾಗದ ಮಡಚುವುದಿಲ್ಲ. ಪಿ ಅಲೆಯ ಶುರುವಿನಿಂದ ಕ್ಯುಆರ್‌ಎಸ್‌ನ ಶುರುವಿನವರೆಗೆ ಐದು ಸಣ್ಣ ಚೌಕ ದಾಟಿದೆಯೇ ಎಂದು ಎಣಿಸುತ್ತೇವೆ.